ಮೂರು ಕೋಟೆಗಳ ಊರು

ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯನ್ನು ಕೇಳದ ಕನ್ನಡಿಗರಾರು? ಆ ಗಾದೆಯನ್ನು ಕಲ್ಲುಗಾರೆಯಲ್ಲಿ ಕಟ್ಟಿ ನಿಲ್ಲಿಸಿದಂತಿರುವ ಒಂದು ಕೋಟೆ ಆಲ್ಪ್ಸ್ ಪರ್ವತಗಳ ದಕ್ಷಿಣದ ಮಗ್ಗುಲಲ್ಲಿದೆ. ಅದಿರುವ ಊರು ಬೆಲ್ಲಿಂಜೋನ. ಸ್ವಿಟ್ಸರ್ಲೆಂಡಿನ ಟಿಚಿನೊ ಪ್ರಾಂತದ ರಾಜಧಾನಿ. ದೇಶ ಸ್ವಿಟ್ಸರ್ಲೆಂಡಾದರೂ ಅಲ್ಲಿನವರ ಮನೆಮಾತು ಇಟಾಲಿಯನ್. ಆ ಪುಟ್ಟ ಊರಿಗೆ ಒಂದಲ್ಲ, ಎರಡಲ್ಲ, ಮೂರು ಕೋಟೆಗಳು! ಈ ವಾರ ವಾಚಕರನ್ನು ಅಲ್ಲಿಗೆ ಕರೆದೊಯ್ಯುವ ಮನಸ್ಸಾಗಿದೆ.

ಇಷ್ಟೊಂದು ಕೋಟೆಗಳು ಇಲ್ಲಿಯೇ ಏಕೆ ಎಂಬ ಪ್ರಶ್ನೆಗೆ ನೆಲವೇ ಉತ್ತರ ಹೇಳುತ್ತದೆ. ಉತ್ತರದಿಂದ ಇಟಲಿಗೆ ಇಳಿದು ಬರುವ ಗೋಟಾರ್ಡ್, ಲುಕ್ಮಾನಿಯರ್, ಸಾನ್ ಬರ್ನಾರ್ಡಿನೊ ಎಂಬ ಮೂರು ಕಣಿವೆದಾರಿಗಳು ಬೆಲ್ಲಿಂಜೋನವನ್ನು ತಲುಪುವ ಹೊತ್ತಿಗೆ ಒಂದಾಗಿಬಿಡುತ್ತವೆ. ಎರಡು ಕಡೆಯೂ ಕಡಿದಾದ ಬೆಟ್ಟ. ನಡುವೆ ಟಿಚಿನೊ ನದಿ. ಆ ಇಕ್ಕಟ್ಟಿನ ಬಯಲಿನ ನಟ್ಟನಡುವೆ ಸುಮಾರು ೫೦ ಮೀಟರು ಎತ್ತರದ ಒಂದು ಹೆಬ್ಬಂಡೆ. ಆ ಬಂಡೆಯಿಂದ ಒಂದು ಕಡೆ ಬೆಟ್ಟಕ್ಕೂ ಇನ್ನೊಂದು ಕಡೆ ನದಿಗೂ ಗೋಡೆ ಎಳೆದರಾಯಿತು, ಇಟಲಿಯ ಹೆಬ್ಬಾಗಿಲಿಗೆ ಅಗುಳಿ ಹಾಕಿದಂತೆಯೇ. ದಂಡು ಬಂದರೆ ತಡೆಯಬಹುದು. ವ್ಯಾಪಾರಿ ಬಂದರೆ ಸುಂಕ ಎತ್ತಬಹುದು. ಈ ಗುಟ್ಟನ್ನು ಮೊದಲು ಅರಿತವರು ರೋಮನರು. ನಾಲ್ಕನೆಯ ಶತಮಾನದಲ್ಲಿಯೇ ಅವರು ಬಂಡೆಯ ಮೇಲೆ ಕೋಟೆ ಕಟ್ಟಿದ್ದರು.

ಆ ಬಂಡೆಯ ಮೇಲಿನ ಕೋಟೆಯೇ ಕ್ಯಾಸ್ಟೆಲ್‌ಗ್ರಾಂಡೆ, ಎಂದರೆ ದೊಡ್ಡ ಕೋಟೆ. ನೋಡುವವರು ಇಲ್ಲಿಂದಲೇ ಆರಂಭಿಸುವುದು ಲೇಸು. ಮೆಟ್ಟಿಲು ಹತ್ತಲಾರದ ವೃದ್ಧರೂ ಮಕ್ಕಳೊಂದಿಗಿನ ತಾಯಂದಿರೂ ಚಿಂತಿಸಬೇಕಾಗಿಲ್ಲ. ಬಂಡೆಯ ಒಡಲನ್ನೇ ಕೊರೆದು ಲಿಫ್ಟ್ ಇಟ್ಟಿದ್ದಾರೆ. ಸೀಳಿದ ಬಂಡೆಯ ನಡುವೆ ನಡೆದು, ಕತ್ತಲಿನಿಂದ ಮೇಲೇರಿ, ಒಮ್ಮೆಲೇ ಹಸಿರು ಹುಲ್ಲಿನ ಅಂಗಳಕ್ಕೆ ಕಾಲಿಟ್ಟಾಗ ಯಾರಿಗಾದರೂ ಮಕ್ಕಳಂತೆ ಬೆರಗಾಗುತ್ತದೆ. ಕಪ್ಪು ಬುರುಜು, ಬಿಳಿ ಬುರುಜು ಎಂಬ ಎರಡು ಎತ್ತರದ ಬುರುಜುಗಳು ಎದುರು ನಿಲ್ಲುತ್ತವೆ. ಗೋಡೆಗಳ ನೆತ್ತಿಯ ಮೇಲಿನ ತೆನೆಗಳು ಕವಲೊಡೆದ ಹಕ್ಕಿಯ ಬಾಲದಂತಿವೆ. ಕೋಟೆಯ ಮಗ್ಗುಲಲ್ಲಿ ದ್ರಾಕ್ಷಿಯ ತೋಟ!

ಇನ್ನು ಕಥೆಗೆ ಬರೋಣ. ೧೩೪೦ರಲ್ಲಿ ಮಿಲಾನಿನ ವಿಸ್ಕೊಂಟಿ ಮನೆತನದವರು ಈ ಊರನ್ನು ಗೆದ್ದುಕೊಂಡರು. ಬೆಟ್ಟದಾಚೆಯ ಸ್ವಿಸ್ ಒಕ್ಕೂಟದವರಿಗೂ ಇದರ ಮೇಲೆ ಕಣ್ಣು. ಹಸು ಮಾರಿ ಧಾನ್ಯ ಕೊಳ್ಳುವ ಮಲೆನಾಡ ಜನಕ್ಕೆ ಇಟಲಿಯ ಸಂತೆಯ ದಾರಿ ಬೇಕು. ಆ ದಾರಿಯ ಬೀಗ ಬೆಲ್ಲಿಂಜೋನ. ೧೪೨೨ರಲ್ಲಿ ಊರಿನ ಹತ್ತಿರದ ಅರ್ಬೇಡೊ ಎಂಬಲ್ಲಿ ಮಿಲಾನಿನ ದಂಡು ಸ್ವಿಸ್ಸರನ್ನು ಸೋಲಿಸಿತು. ಆದರೆ ೧೪೭೮ರ ಡಿಸೆಂಬರಿನಲ್ಲಿ ಕಾಲಚಕ್ರ ತಿರುಗಿತು. ಬೆಲ್ಲಿಂಜೋನದ ಮುತ್ತಿಗೆಯನ್ನು ಬಿಟ್ಟು ಹಿಂದಿರುಗುತ್ತಿದ್ದ ಸ್ವಿಸ್ಸರನ್ನು ಮಿಲಾನಿನ ದೊಡ್ಡ ದಂಡು ಬೆನ್ನಟ್ಟಿಹೋಯಿತು. ಜೋರ್ನಿಕೊ ಎಂಬ ಹಳ್ಳಿಯ ಬಳಿ, ಹಿಮ ಬಿದ್ದ ಇಕ್ಕಟ್ಟಿನ ಕಣಿವೆಯಲ್ಲಿ, ಕೆಲವೇ ನೂರು ಮಂದಿ ಅದನ್ನು ಚೆಲ್ಲಾಪಿಲ್ಲಿ ಮಾಡಿಬಿಟ್ಟರು.

ಈಗ ಮಿಲಾನಿನವರಿಗೆ ನಡುಕ ಹುಟ್ಟಿತು. ಆಗ ಅಲ್ಲಿ ಆಳುತ್ತಿದ್ದವರು ಸ್ಫೋರ್ಜಾ ಮನೆತನದವರು. ಊರಿನ ಪೂರ್ವಕ್ಕೆ, ಬಯಲಿನಿಂದ ಸುಮಾರು ೨೩೦ ಮೀಟರು ಎತ್ತರದ ದಿಣ್ಣೆಯ ಮೇಲೆ, ೧೪೭೯ರಲ್ಲಿ ಕೆಲವೇ ತಿಂಗಳುಗಳಲ್ಲಿ ಒಂದು ಹೊಸ ಕೋಟೆಯನ್ನು ಎಬ್ಬಿಸಿದರು. ಅದೇ ಸಾಸ್ಸೊ ಕೊರ್ಬಾರೊ. ಮೊದಲಿಗೆ ನಾನು ಹೇಳಿದ ಗಾದೆಯ ಕೋಟೆ. ಅದರ ಕೆಲಸಕ್ಕೆ ಬಂದಿದ್ದ ಫ್ಲಾರೆನ್ಸಿನ ಶಿಲ್ಪಿ ಬೆನೆಡೆಟ್ಟೊ ಫೆರ್ರೀನಿ ಅದೇ ವರ್ಷ ಪ್ಲೇಗಿಗೆ ಬಲಿಯಾದನು. ಆ ಚೌಕಾಕಾರದ ಗೋಡೆಗಳಲ್ಲಿ ಅಲಂಕಾರವೆಂಬುದು ಹೆಸರಿಗೂ ಇಲ್ಲ. ಹೆದರಿದವನು ಕಟ್ಟಿದ ಮನೆಯಂತೆ ಅದು ಬಿಗಿಮೊಗದಿಂದ ಬಯಲನ್ನು ದಿಟ್ಟಿಸುತ್ತದೆ. ಅಷ್ಟಕ್ಕೂ ತೃಪ್ತಿಯಾಗದೆ, ಬಂಡೆಯ ಕೋಟೆಯಿಂದ ನದಿಯವರೆಗೆ, ಒಳಗೇ ಸೈನಿಕರು ಓಡಾಡುವ ಹಾದಿಯುಳ್ಳ ‘ಮುರಾಟ’ ಎಂಬ ಮಹಾಗೋಡೆಯನ್ನೂ ಬಲಪಡಿಸಿದರು. ಎರಡನೆಯ ಕೋಟೆಯಾದ ಮೊಂಟೆಬೆಲ್ಲೊ ಮೊದಲೇ ಊರಗೋಡೆಗೆ ಹೆಣೆದುಕೊಂಡಿತ್ತು. ಇನ್ನು ಇರುವೆಯೂ ನುಸುಳದೆಂದು ಅವರು ನೆಮ್ಮದಿಯಿಂದ ನಿಟ್ಟುಸಿರು ಬಿಟ್ಟಿರಬೇಕು.

ಆಮೇಲೆ ನಡೆದುದೇನು? ೧೪೯೯ರಲ್ಲಿ ಫ್ರಾನ್ಸಿನ ದೊರೆ ಹನ್ನೆರಡನೆಯ ಲೂಯಿ ಮಿಲಾನನ್ನೇ ಹಿಡಿದುಕೊಂಡನು. ರಾಜಧಾನಿ ಬಿದ್ದ ಮೇಲೆ ಗಡಿಯ ಗೋಡೆ ಯಾರಿಗಾಗಿ? ಬೆಲ್ಲಿಂಜೋನಕ್ಕೆ ಫ್ರೆಂಚರ ಪಹರೆ ಬಂದಿತು. ಮರುವರ್ಷ ಊರಿನ ಜನ ಸಿಡಿದೆದ್ದು ಆ ಪಹರೆಯನ್ನು ಹೊರಗಟ್ಟಿದರು. ಬಳಿಕ ಊರಿ, ಶ್ವಿಟ್ಸ್, ನಿಡ್‌ವಾಲ್ಡೆನ್ ಎಂಬ ಸ್ವಿಸ್ ಪ್ರಾಂತಗಳವರಿಗೆ ತಾವಾಗಿಯೇ ಊರನ್ನು ಒಪ್ಪಿಸಿದರು. ಯಾರನ್ನು ತಡೆಯಲೆಂದು ಅಷ್ಟು ಕಲ್ಲು ಹೊತ್ತಿದ್ದರೋ ಅವರಿಗೇ ಬಾಗಿಲು ಒಳಗಿನಿಂದ ತೆರೆಯಿತು! ೧೫೦೩ರ ಅರೋನಾ ಒಪ್ಪಂದದಲ್ಲಿ ಫ್ರೆಂಚ್ ದೊರೆಯೂ ಅದಕ್ಕೆ ತಲೆದೂಗಬೇಕಾಯಿತು.

ಮಹಾಗೋಡೆಯನ್ನು ಕೊನೆಗೆ ಭೇದಿಸಿದ್ದು ಮನುಷ್ಯನೂ ಅಲ್ಲ. ೧೫೧೩ರಲ್ಲಿ ಮೇಲುಗಡೆಯ ಬಿಯಾಸ್ಕ ಎಂಬಲ್ಲಿ ಗುಡ್ಡ ಕುಸಿದು ಬ್ರೆನ್ನೊ ಹೊಳೆಗೆ ಅಡ್ಡವಾಗಿ ಬಿತ್ತು. ಹೊಳೆ ಕೆರೆಯಾಗಿ ನಿಂತಿತು. ೧೫೧೫ರ ಮೇ ತಿಂಗಳಲ್ಲಿ ಆ ಮಣ್ಣಿನ ಕಟ್ಟೆ ಒಡೆದು, ನೀರು ಕಣಿವೆಯುದ್ದಕ್ಕೂ ನುಗ್ಗಿ, ನದಿಯ ಮೇಲಿನ ಕಲ್ಲುಸೇತುವೆಯನ್ನೂ ಮುರಾಟದ ಒಂದು ಭಾಗವನ್ನೂ ಕೊಚ್ಚಿಕೊಂಡುಹೋಯಿತು. ಸೇತುವೆಯನ್ನು ಮತ್ತೆ ಕಟ್ಟಿದ್ದು ಸುಮಾರು ಮುನ್ನೂರು ವರ್ಷಗಳ ತರುವಾಯ.

ಬಾಗಿಲು ತೆರೆದ ಜನ ಸುಖವಾಗಿದ್ದರೇ? ಹಾಗೆಂದು ಹೇಳಿ ಕಥೆಯನ್ನು ಸಿಹಿಯಾಗಿ ಮುಗಿಸಬಹುದಿತ್ತು. ಆದರೆ ಅದು ನಿಜವಲ್ಲ. ಹೊಸ ಒಡೆಯರೂ ಒಡೆಯರೇ. ಮೂರು ಕೋಟೆಗಳಿಗೂ ಮೂರು ಪ್ರಾಂತಗಳ ಹೆಸರು ಬಿದ್ದವು. ಒಂದೊಂದರಲ್ಲಿಯೂ ಒಂದೊಂದು ಪ್ರಾಂತದ ಕಾವಲು ಕುಳಿತಿತು. ಗಡಿಯ ಕಡೆ ನೋಡುತ್ತಿದ್ದ ಕೋಟೆಗಳು ಈಗ ಕೆಳಗಿನ ಊರಿನ ಕಡೆ ನೋಡತೊಡಗಿದವು. ಬೆಲ್ಲಿಂಜೋನದವರು ೧೭೯೮ರವರೆಗೂ ಪರಾಧೀನ ಪ್ರಜೆಗಳಾಗಿಯೇ ಬಾಳಿದರು. ೧೮೦೩ರಲ್ಲಿ ಟಿಚಿನೊ ಉಳಿದವರಿಗೆ ಸರಿಸಮನಾದ ಪ್ರಾಂತವಾಯಿತು. ಆ ಸಮಾನತೆ ಬಂದಮೇಲೆ ಕಾವಲಿಗೆ ಕೆಲಸವೇ ಉಳಿಯಲಿಲ್ಲ. ಇಟಾಲಿಯನ್ ಆಡುವವರೂ ಜರ್ಮನ್ ಆಡುವವರೂ ಒಂದೇ ದೇಶದ ಮಕ್ಕಳಾಗಿ ಇಂದಿಗೂ ಬಾಳುತ್ತಿರುವುದು ಗೋಡೆಯ ಬಲದಿಂದಲ್ಲ.

ಇಂದು ಗೋಟಾರ್ಡಿನ ಅಡಿಯಲ್ಲಿ, ೨೦೧೬ರಲ್ಲಿ ತೆರೆದ ೫೭ ಕಿಲೋಮೀಟರುಗಳ ರೈಲು ಸುರಂಗವಿದೆ. ಜ್ಯೂರಿಕ್‌ನಲ್ಲಿ ಕಾಫಿ ಕುಡಿದು ರೈಲು ಹತ್ತಿದವರು ಎರಡು ಗಂಟೆಯೊಳಗೆ ಬೆಲ್ಲಿಂಜೋನದಲ್ಲಿ ಇಳಿಯುತ್ತಾರೆ. ಸುಂಕ ಕೇಳುವವರಿಲ್ಲ, ಯಾರು, ಎಲ್ಲಿಯವರು ಎಂದು ಬುರುಜಿನಿಂದ ಕೂಗುವವರೂ ಇಲ್ಲ. ೨೦೦೦ದಲ್ಲಿ ಈ ಕೋಟೆಗಳೂ ಗೋಡೆಗಳೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಹೋಗುವವರಿಗೆ ಒಂದೆರಡು ಮಾತು. ಶನಿವಾರವಾದರೆ ಹಳೆಯ ಊರಿನ ಬೀದಿಗಳಲ್ಲಿ ಸಂತೆ ನೆರೆದಿರುತ್ತದೆ. ಮೊದಲು ಬಂಡೆಯ ಕೋಟೆ, ಆಮೇಲೆ ಮೊಂಟೆಬೆಲ್ಲೊ, ಕೊನೆಗೆ ಸಾಸ್ಸೊ ಕೊರ್ಬಾರೊ: ಈ ಕ್ರಮದಲ್ಲಿ ಏರುತ್ತ ಹೋಗಿರಿ. ಗಟ್ಟಿಯಾದ ಪಾದರಕ್ಷೆಯಿರಲಿ, ಕೊನೆಯ ಏರು ಸ್ವಲ್ಪ ದಮ್ಮು ಕಟ್ಟಿಸುತ್ತದೆ. ಮೇಲೆ ತಲುಪಿದ ಮೇಲೆ ಕೂಡಲೇ ಚಿತ್ರ ತೆಗೆಯಲು ಹೊರಡದೆ, ಗೋಡೆಗೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ಕುಳಿತುಕೊಳ್ಳಿರಿ. ಕೆಳಗಿನ ಗೋಡೆಗಳು ಬಂಡೆಯಿಂದ ಇಳಿದು ನದಿಯ ಕಡೆ ಸಾಗಿ, ದಡ ಮುಟ್ಟುವ ಮೊದಲೇ ತಟ್ಟನೆ ನಿಂತಿರುವುದು ಕಾಣುತ್ತದೆ. ಆ ತುಂಡಾದ ಗೋಡೆಯ ಪಕ್ಕದಲ್ಲಿಯೇ, ಯಾರನ್ನೂ ಕೇಳದೆ, ಟಿಚಿನೊ ಇಟಲಿಯ ಕಡೆಗೆ ಹರಿದುಹೋಗುತ್ತಿರುತ್ತದೆ.