ಆರೋಗ್ಯವಿಚಾರ: ಹೃದಯಕ್ಕೆ ಕೈಯ ದಾರಿ

ಹೃದ್ರೋಗವೆಂದೊಡನೆ ಮನೆಮಂದಿಯ ಗಮನವೆಲ್ಲವೂ ಎದೆಯ ಕಡೆಗೆ ಹರಿಯುವುದು ಸಹಜವೇ ಆಗಿದೆ. ಆದರೆ ಈಗಿನ ವೈದ್ಯನು ಬಹುಮಟ್ಟಿಗೆ ರೋಗಿಯ ಕೈಯನ್ನು ಹಿಡಿದೇ ಹೃದಯವನ್ನು ಮುಟ್ಟುತ್ತಾನೆ. ನಮ್ಮ ಹೊಸಪೇಟೆ, ಸಂಡೂರು, ಕಂಪ್ಲಿಗಳಿಂದ ಬಳ್ಳಾರಿಗೋ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಆಂಜಿಯೋಗ್ರಾಂ ಮಾಡಿಸಿಕೊಂಡು ಬಂದವರಲ್ಲಿ ಕೆಲವರ ಮಣಿಕಟ್ಟಿನಲ್ಲಿಯೂ ಕೆಲವರ ತೊಡೆಸಂದಿನಲ್ಲಿಯೂ ಪಟ್ಟಿಯಿರುವುದುಂಟು. ಅವರಿಗೆ ಕೈಯಲ್ಲಿ ಮಾಡಿದರು, ನಮ್ಮವರಿಗೇಕೆ ತೊಡೆಯಲ್ಲಿ ಮಾಡಿದರು ಎಂಬ ಸಂಶಯವು ಆಗ ಮನೆಮನೆಯಲ್ಲಿಯೂ ಹುಟ್ಟುತ್ತದೆ. ಅದನ್ನು ಈ ತಿಂಗಳು ಸ್ವಲ್ಪ ವಿಚಾರಿಸೋಣ.

ಮೊದಲು ಕ್ರಮವನ್ನು ತಿಳಿಯಬೇಕು. ಕ್ಯಾಥೆಟರ್ ಎಂಬ ಸಪುರವಾದ ನಳಿಗೆಯನ್ನು ಒಂದು ಧಮನಿಯೊಳಗೆ ತೂರಿಸಿ, ಹೃದಯಕ್ಕೆ ರಕ್ತವನ್ನೊದಗಿಸುವ ಧಮನಿಗಳ ಬಾಯಿಯವರೆಗೆ ನಡೆಯಿಸುತ್ತಾರೆ. ಅಲ್ಲಿ ಔಷಧದ್ರವವನ್ನು ಬಿಟ್ಟು ಕ್ಷಕಿರಣದಿಂದ ನೋಡಿದರೆ, ಎಲ್ಲಿ ದಾರಿ ಕಿರಿದಾಗಿದೆಯೆಂಬುದು ಕಾಣುತ್ತದೆ. ಅಗತ್ಯವಿದ್ದರೆ ಅದೇ ದಾರಿಯಲ್ಲಿ ಬಲೂನನ್ನು ಕಳುಹಿಸಿ ಅಗಲಿಸಿ, ಸ್ಟೆಂಟನ್ನು ಕೂರಿಸುತ್ತಾರೆ.

ಈ ನಳಿಗೆಗೆ ಪ್ರವೇಶದ್ವಾರವು ಕೈಯಲ್ಲಿಯೇ ಹಲವು ಕಡೆಗಳಲ್ಲಿದೆ. ಮೊಣಕೈಯವರೆಗೆ ಒಂದಾಗಿ ಬರುವ ಧಮನಿಯು ಅಲ್ಲಿಂದ ಕೆಳಗೆ ಎರಡಾಗಿ ಕವಲೊಡೆಯುತ್ತದೆ. ಹೆಬ್ಬೆರಳಿನ ಬದಿಯದನ್ನು ವೈದ್ಯರು ರೇಡಿಯಲ್ ಎಂದೂ ಕಿರುಬೆರಳಿನ ಬದಿಯದನ್ನು ಅಲ್ನಾರ್ ಎಂದೂ ಕರೆಯುತ್ತಾರೆ. ಶಾರ್ಙ್ಗಧರಸಂಹಿತೆಯು ಜೀವಸಾಕ್ಷಿಣಿಯೆಂದು ಹೆಸರಿಟ್ಟಿರುವ, ನಾಡಿಯನ್ನು ನೋಡುವ ಧಮನಿಯು ಈ ಹೆಬ್ಬೆರಳ ಮೂಲದ್ದೇ. ಎರಡು ಕವಲುಗಳೂ ಅಂಗೈಯಲ್ಲಿ ಕಮಾನಿನಂತೆ ಬಾಗಿ ಮತ್ತೆ ಕೂಡುತ್ತವೆ. ನಮ್ಮೂರಿನ ರಾಯಕಾಲುವೆಯೂ ಬಸವಣ್ಣ ಕಾಲುವೆಯೂ ಒಂದೇ ಗದ್ದೆಗೆ ನೀರುಣಿಸುವಂತಿದ್ದರೆ, ಒಂದು ಹೂತುಹೋದರೂ ಪೈರು ಒಣಗಲಾರದಷ್ಟೆ? ಅಂಗೈಯ ಸ್ಥಿತಿಯೂ ಹೀಗೆಯೇ. ಮೊಣಕೈಯ ಧಮನಿಗಾದರೋ ಇಂತಹ ಸಮರ್ಥ ಜೊತೆಗಾರನಿಲ್ಲ. ಅದರ ಪಕ್ಕದಲ್ಲಿಯೇ ಮುಖ್ಯವಾದೊಂದು ನರವೂ ಇದೆ.

ಆದರೂ ಇತಿಹಾಸದಲ್ಲಿ ಮೊಣಕೈಯ ದಾರಿಯೇ ಮೊದಲು. 1958ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಮೇಸನ್ ಸೋನ್ಸ್ ಎಂಬವರು ಅಲ್ಲಿಂದಲೇ ಹೃದಯಧಮನಿಗಳ ಚಿತ್ರವನ್ನು ತೆಗೆದರು. ಬಳಿಕ ತೊಡೆಯ ದೊಡ್ಡ ಧಮನಿಯು ರೂಢಿಗೆ ಬಂದಿತು. 1989ರಲ್ಲಿ ಮಾಂಟ್ರಿಯಲ್ ನಗರದ ಲೂಸಿಯೆನ್ ಕಾಂಪೊ ಅವರು ಮಣಿಕಟ್ಟಿನಿಂದ ಪರೀಕ್ಷೆ ಮಾಡಬಹುದೆಂದು ಪ್ರಕಟಿಸಿದರು. 1992ರಲ್ಲಿ ಆಮ್‌ಸ್ಟರ್‌ಡಾಮಿನ ಕೀಮೆನೈ ಅವರು ಅಲ್ಲಿಂದಲೇ ಬಲೂನು ಚಿಕಿತ್ಸೆಯನ್ನೂ ನಡೆಸಿದರು.

ಮಣಿಕಟ್ಟಿಗೆ ಈಗ ಅಗ್ರಸ್ಥಾನವೇಕೆ? ಅಲ್ಲಿ ಧಮನಿಯು ಚರ್ಮದ ಕೆಳಗೇ ಎಲುಬಿನ ಮೇಲೆ ಹರಿಯುವುದರಿಂದ, ರಕ್ತವು ಒಸರಿದರೆ ಒತ್ತಿ ನಿಲ್ಲಿಸುವುದು ಸುಲಭ. ತೊಡೆಯಲ್ಲಾದರೆ ರಕ್ತವು ಕಣ್ಣಿಗೆ ಕಾಣದಂತೆ ಒಳಗೇ ಸೋರಬಹುದು. ರೋಗಿಯು ಗಂಟೆಗಟ್ಟಲೆ ಕಾಲನ್ನು ನೀಡಿ ಮಲಗಿರಲೂ ಬೇಕು. 2011ರಲ್ಲಿ ಪ್ರಕಟವಾದ ರೈವಲ್ ಪರೀಕ್ಷಣದಲ್ಲಿ 7021 ರೋಗಿಗಳಿದ್ದರು. ಪ್ರವೇಶಸ್ಥಾನದ ದೊಡ್ಡ ತೊಡಕುಗಳು ಮಣಿಕಟ್ಟಿನವರಲ್ಲಿ ನೂರಕ್ಕೆ 1.4, ತೊಡೆಯವರಲ್ಲಿ 3.7 ಕಂಡುಬಂದವು. 2015ರ ಮೇಟ್ರಿಕ್ಸ್ ಪರೀಕ್ಷಣದ 8404 ರೋಗಿಗಳಲ್ಲಿ, ಮಣಿಕಟ್ಟಿನಿಂದ ಚಿಕಿತ್ಸೆ ಪಡೆದವರಲ್ಲಿ ರಕ್ತಸ್ರಾವವೂ ಮರಣವೂ ಕಡಮೆಯಾಗಿದ್ದವು.

ಹಾಗಾದರೆ ಕಿರುಬೆರಳಿನ ಬದಿಯ ಧಮನಿಯು ಏನು ಪಾಪ ಮಾಡಿತು? ಅದು ಸ್ವಲ್ಪ ಆಳದಲ್ಲಿದೆ. ಅದರ ಮಗ್ಗುಲಲ್ಲಿಯೇ ನರವೊಂದಿದೆ. 2013ರಲ್ಲಿ ಪ್ರಕಟವಾದ ಗ್ರೀಸ್ ದೇಶದ ಪರೀಕ್ಷಣವೊಂದರಲ್ಲಿ, ಈ ದಾರಿಯನ್ನು ಹಿಡಿದವರಲ್ಲಿ ನೂರಕ್ಕೆ ಮೂವತ್ತಕ್ಕೂ ಮಿಕ್ಕಿದ ರೋಗಿಗಳಿಗೆ ನಡುವೆ ದಾರಿಯನ್ನು ಬದಲಿಸಬೇಕಾಯಿತು. ಆದರೆ 2016ರಲ್ಲಿ ನಮ್ಮ ದೇಶದ ಅಜ್ಮೀರಿನ ವೈದ್ಯರು ಪ್ರಕಟಿಸಿದ 2532 ರೋಗಿಗಳ ಪರೀಕ್ಷಣದಲ್ಲಿ ಎರಡು ಧಮನಿಗಳೂ ಹೆಚ್ಚುಕಡಮೆ ಸಮನಾಗಿಯೇ ನಿಂತವು. ಧಮನಿಯು ಒಂದೇ, ಫಲವು ಮಾತ್ರ ಭಿನ್ನ! ಅಜ್ಮೀರಿನವರು ಆ ದಾರಿಯಲ್ಲಿ ಪಳಗಿದ ಕೈಯವರಾಗಿದ್ದುದನ್ನು ಇಲ್ಲಿ ಮರೆಯಲಾಗದು. ಹಂಪೆಯಲ್ಲಿ ಹರಿಗೋಲನ್ನು ಹತ್ತುವವನು ಗಟ್ಟಿಗನಾದ ಅಂಬಿಗನನ್ನು ಅರಸುತ್ತಾನಲ್ಲದೆ, ಸುಳಿಯೆಲ್ಲಿದೆಯೆಂದು ತಾನೇ ಕಲಿಸಹೋಗುವುದಿಲ್ಲ. ಇಲ್ಲಿಯೂ ದಾರಿಗಿಂತ ದಾರಿಬಲ್ಲವನೇ ಮುಖ್ಯ.

2017ರಿಂದ ಹೆಬ್ಬೆರಳಿನ ಬುಡದ ಹಿಂಬದಿಯ ಕುಳಿಯಲ್ಲಿ ಪ್ರವೇಶಿಸುವ ಕ್ರಮವೂ ಬಳಕೆಗೆ ಬಂದಿದೆ. ರೋಗಿಗೆ ಅದು ಹಿತವಾದರೂ, ಧಮನಿಯು ಅಲ್ಲಿ ಇನ್ನೂ ಸಣ್ಣದಾದಕಾರಣ ಪ್ರವೇಶವು ಕೆಲವೊಮ್ಮೆ ಸಾಧಿಸದು.

ಮಣಿಕಟ್ಟೂ ನಿರ್ದೋಷವಲ್ಲ. ಧಮನಿಯು ಸೆಡೆತು ನಳಿಗೆಯನ್ನು ಬಿಗಿಹಿಡಿಯಬಹುದು; ಚಿಕಿತ್ಸೆಯಾದ ಮೇಲೆ ಕೆಲವರಲ್ಲಿ ಮುಚ್ಚಿಯೂ ಹೋಗಬಹುದು. ಜೊತೆಯ ಕವಲು ಅಂಗೈಯನ್ನು ಸಲಹುವುದರಿಂದ ಹೆಚ್ಚಿನವರಿಗೆ ಅದು ತಿಳಿಯುವುದೇ ಇಲ್ಲ. ಆದರೆ ಮುಂದೆ ಅದೇ ಧಮನಿಯು ಬೇಕಾದಾಗ ನಷ್ಟವು ಗೊತ್ತಾಗುತ್ತದೆ. ಮೂತ್ರಪಿಂಡವು ಕೆಟ್ಟವರಿಗೆ ಡಯಾಲಿಸಿಸ್ ಮಾಡಲು ಕೈಯ ಧಮನಿಯನ್ನೂ ಸಿರೆಯನ್ನೂ ಜೋಡಿಸಬೇಕಾಗುತ್ತದೆ. ಹೃದಯದ ಬೈಪಾಸ್ ಶಸ್ತ್ರಕ್ರಿಯೆಗೂ ಮಣಿಕಟ್ಟಿನ ಧಮನಿಯನ್ನು ಬಳಸುವುದುಂಟು. ಇಂಥವರಿಗೆ ವೈದ್ಯನು ತೊಡೆಯನ್ನು ಆರಿಸಿದರೆ ಅದು ಹಳೆಯ ಪದ್ಧತಿಯೆಂದು ಜರೆಯಬಾರದು.

ಹೀಗಿರಲು ಗೃಹಸ್ಥನ ಕರ್ತವ್ಯವೇನು? ದಾರಿಯನ್ನು ತಾನೇ ಆರಿಸಿ ಹಟಮಾಡುವುದಲ್ಲ, ವೈದ್ಯನಿಗೆ ತಿಳಿಯಬೇಕಾದುದನ್ನು ಮುಂದಾಗಿ ಹೇಳುವುದು. ಮೂತ್ರಪಿಂಡದ ಬೇನೆ, ಹಿಂದೆ ಆದ ಬೈಪಾಸ್, ಕೈಗೆ ಬಿದ್ದ ಹಳೆಯ ಪೆಟ್ಟು, ರಕ್ತವನ್ನು ತೆಳುಮಾಡುವ ಮಾತ್ರೆ ಇವನ್ನು ಮರೆಯಬಾರದು. ಯಾವ ಕೈಯಿಂದ ದುಡಿಯುವುದೆಂಬುದನ್ನೂ ಹೇಳತಕ್ಕದ್ದು. ಸಂಡೂರಿನ ಗಣಿಯಲ್ಲಿ ದುಡಿಯುವವನೂ ಕಂಪ್ಲಿಯಲ್ಲಿ ಕಬ್ಬು ಕಡಿಯುವವನೂ ಎಷ್ಟು ದಿನ ಭಾರವನ್ನೆತ್ತಬಾರದೆಂದು ಕೇಳಿಕೊಂಡೇ ಮನೆಗೆ ಬರಬೇಕು. ಮನೆಯಲ್ಲಿ ಗಾಯದಿಂದ ರಕ್ತವು ಜಿನುಗಿದರೆ, ಆ ಸ್ಥಳವನ್ನು ಬೆರಳಿನಿಂದ ಗಟ್ಟಿಯಾಗಿ ಒತ್ತಿಹಿಡಿದು ಆಸ್ಪತ್ರೆಗೆ ಧಾವಿಸಬೇಕು. ಮುಂಗೈ ಬಾತರೆ, ಬೆರಳು ತಣ್ಣಗಾದರೆ, ಬಿಳಿಚಿಕೊಂಡರೆ ಅಥವಾ ಜೋಮು ಹಿಡಿದರೆ ಬೆಳಗಾಗಲೆಂದು ಕಾಯಬಾರದು.

ಕೊನೆಯ ಮಾತೊಂದುಂಟು. ಈ ತಾರತಮ್ಯವಿಚಾರವೆಲ್ಲವೂ ವೈದ್ಯನ ಮುಂದೆ ಕುಳಿತಾಗ ಸಲ್ಲುವಂಥದು. ಎದೆ ಹಿಂಡಿದಂತಾಗಿ ಬೆವರು ಕಿತ್ತುಬಂದಾಗ ಕೈಯೋ ತೊಡೆಯೋ, ಈ ಊರೋ ಆ ಊರೋ ಎಂದು ಚರ್ಚಿಸುತ್ತ ಕೂರಬಾರದು. ಕೂಡಲೇ 108ಕ್ಕೆ ಕರೆಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿಯನ್ನು ಮಾಡಿಸತಕ್ಕದ್ದು. ಆ ಗಳಿಗೆಯಲ್ಲಿ ಕಳೆದ ಹೊತ್ತು ಹೃದಯದ ಮಾಂಸವನ್ನೇ ತಿನ್ನುತ್ತದೆ. ಅದನ್ನು ಯಾವ ದಾರಿಯಿಂದ ಹೋದರೂ ಮರಳಿ ತರಲಾಗದು.