ಹತ್ತಿ ಖರೀದಿ: ಬೆಲೆ ದಿಲ್ಲಿಯದು, ಬಾಗಿಲು ಮಿಲ್ಲಿನದು

ದಸರೆ ಕಳೆದು ದೀಪಾವಳಿ ಹತ್ತಿರ ಬಂತೆಂದರೆ ಆದೋನಿ ಮಾರುಕಟ್ಟೆ ಯಾರ್ಡಿನ ದಾರಿಯಲ್ಲಿ ಹತ್ತಿ ಗಾಡಿಗಳ ಸಾಲು ಶುರುವಾಗುತ್ತದೆ. ಆಲೂರು, ಹೊಳಗುಂದ, ಹಾಲಹರ್ವಿ, ಕೌತಾಳ, ಕೋಸಿಗಿ, ಎಮ್ಮಿಗನೂರು ಕಡೆಯ ಟ್ರ್ಯಾಕ್ಟರುಗಳ ಜೊತೆಗೆ ಗಡಿಯಾಚೆಯ ಸಿರುಗುಪ್ಪ ಸೀಮೆಯ ಮಾಲೂ ಬರುವುದುಂಟು. ಹಿಂದೆ ಹತ್ತಿ, ಬಟ್ಟೆಯ ವ್ಯಾಪಾರ ನೋಡಿ ‘ಎರಡನೇ ಬೊಂಬಾಯಿ’ ಎಂದು ಕರೆಸಿಕೊಂಡ ಊರು ಇದು. ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಇಂದಿಗೂ ಒಂದು.

ಈ ಸಾಲಿನಲ್ಲಿ ನಿಂತವರು ಪ್ರತಿ ವರ್ಷ ಕೇಳುವ ಪ್ರಶ್ನೆ ಒಂದೇ: ‘ಎಂಟು ಸಾವಿರ ಚಿಲ್ಲರೆ ಅಂತ ಪೇಪರಿನಾಗ ಬರ್ತೈತಿ. ನಮ್ಮ ಕೈಗೆ ಯಾಕ ಬರಂಗಿಲ್ಲ?’

ಪ್ರಶ್ನೆ ಸರಿಯಾದದ್ದೇ. ಆದರೆ ಉತ್ತರ ಬೆಲೆಯಲ್ಲಿಲ್ಲ, ಕರಾರಿನಲ್ಲಿದೆ. ಬೆಂಬಲ ಬೆಲೆ ಎಂಬುದು ದಿಲ್ಲಿಯಿಂದ ನೇರ ರೈತನ ಜೇಬಿಗೆ ಬೀಳುವ ಹಣವಲ್ಲ. ಅದು ಮೂರು ವ್ಯವಸ್ಥೆಗಳನ್ನು, ಮೂರು ಬಗೆಯ ಒಪ್ಪಂದಗಳನ್ನು ದಾಟಿ ಬರಬೇಕು. ವಿಪರ್ಯಾಸವೆಂದರೆ ಈ ಮೂರರಲ್ಲಿ ಒಂದಕ್ಕೂ ರೈತನ ಸಹಿ ಇಲ್ಲ. ಸಹಿ ಇಲ್ಲದಿದ್ದರೂ ಅದರ ಷರತ್ತುಗಳೆಲ್ಲ ಕೊನೆಗೆ ಬಂದು ಕೂರುವುದು ಅವನ ಗಾಡಿಯ ಮೇಲೆ.

ಮೊದಲ ಕರಾರು: ದಿಲ್ಲಿ ಮತ್ತು ನಿಗಮ

ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಶಿಫಾರಸು ಮಾಡುತ್ತದೆ, ಕೇಂದ್ರ ಸಂಪುಟ ಬೆಲೆ ಘೋಷಿಸುತ್ತದೆ. 2025-26ರ ಹಂಗಾಮಿಗೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 7,710 ರೂಪಾಯಿ, ಉದ್ದ ಎಳೆಯ ಹತ್ತಿಗೆ 8,110 ರೂಪಾಯಿ ನಿಗದಿಯಾಯಿತು. ಹಿಂದಿನ ವರ್ಷ ಇದೇ 7,121 ಮತ್ತು 7,521 ಇತ್ತು. ಈ ಎರಡು ಮೂಲ ಬೆಲೆ ಮಾತ್ರ. ಉಳಿದ ತಳಿಗಳ ದರವನ್ನು ಎಳೆಯ ಉದ್ದ, ನಯ ನೋಡಿ ಜವಳಿ ಆಯುಕ್ತರ ಕಚೇರಿ ಹೊಂದಿಸುತ್ತದೆ.

ಖರೀದಿ ಮಾಡುವುದು ಭಾರತೀಯ ಹತ್ತಿ ನಿಗಮ, ಅಂದರೆ ಎಲ್ಲರ ಬಾಯಲ್ಲಿರುವ ಸಿಸಿಐ. 1970ರಲ್ಲಿ ಹುಟ್ಟಿದ ಈ ನಿಗಮ ಕೇಂದ್ರ ಜವಳಿ ಸಚಿವಾಲಯಕ್ಕೆ ಸೇರಿದ್ದು. ಪೇಟೆ ದರ ಬೆಂಬಲ ಬೆಲೆಗಿಂತ ಕೆಳಗೆ ಇಳಿದಾಗ ಅದು ಖರೀದಿಗೆ ಇಳಿಯುತ್ತದೆ. ಕೊಂಡದ್ದನ್ನು ಮಾರಿದಾಗ ಆದ ನಷ್ಟವನ್ನು ಕೇಂದ್ರ ಸರ್ಕಾರ ತುಂಬಿಕೊಡುತ್ತದೆ. ಇದು ಸಣ್ಣ ಬಾಬತ್ತಲ್ಲ. 2014-15ರಿಂದ 2020-21ರವರೆಗಿನ ಹಂಗಾಮುಗಳ ಲೆಕ್ಕಕ್ಕೆ 2021ರ ನವೆಂಬರಿನಲ್ಲಿ ಸಂಪುಟ ಒಪ್ಪಿದ ಮೊತ್ತ 17,408.85 ಕೋಟಿ ರೂಪಾಯಿ.

ಇಲ್ಲಿ ಒಂದು ಮಾತು ನೆನಪಿಡಬೇಕು. ಬೆಂಬಲ ಬೆಲೆ ಸಿಸಿಐಯನ್ನು ಕಟ್ಟುತ್ತದೆಯೇ ಹೊರತು ಖಾಸಗಿ ವರ್ತಕನನ್ನು ಕಟ್ಟುವುದಿಲ್ಲ. ಯಾರ್ಡಿನಲ್ಲಿ ಲಾಟು ನೋಡಿ ಟೆಂಡರು ಹಾಕುವ ಖರೀದಿದಾರ ಪೇಟೆಯ ಲೆಕ್ಕ ಹಾಕುತ್ತಾನೆ. ಹತ್ತಿಯ ಮೇಲಿದ್ದ ಶೇ. 11ರ ಆಮದು ಸುಂಕವನ್ನು ಕೇಂದ್ರ 2025ರ ಆಗಸ್ಟ್ 19ರಿಂದ ತೆಗೆದು, ಡಿಸೆಂಬರ್ 31ರವರೆಗೆ ಮುಂದುವರಿಸಿತು. ನಮ್ಮ ಹೊಲದ ಹತ್ತಿ ಬಿಡಿಸಿ ಮಾರುಕಟ್ಟೆಗೆ ತರುವ ತಿಂಗಳುಗಳೂ ಅವೇ. ಹೊರಗಿನ ಅರಳೆ ಅಗ್ಗವಾಗಿ ಸಿಗುವಾಗ ವರ್ತಕ ಇಲ್ಲಿನ ಲಾಟಿಗೆ ಏರಿಸಿ ಬರೆಯುವನೇ? ಅಂಥ ವರ್ಷ ರೈತನಿಗೆ ಉಳಿಯುವ ಆಸರೆ ಸಿಸಿಐ ಒಂದೇ.

ಎರಡನೆಯದು: ರಾಜ್ಯದ ದಾಖಲೆ

ಸಿಸಿಐ ಬಳಿ ರೈತ ಯಾರು, ವರ್ತಕ ಯಾರು ಎಂದು ಗುರುತಿಸುವ ಸ್ವಂತ ಲೆಕ್ಕವಿಲ್ಲ. ಅದಕ್ಕೆ ರಾಜ್ಯ ಸರ್ಕಾರ ಬೇಕು, ಮಾರುಕಟ್ಟೆ ಸಮಿತಿ ಬೇಕು. ಆಂಧ್ರದಲ್ಲಿ ಇ-ಕ್ರಾಪ್‌ನಲ್ಲಿ ಬೆಳೆ ನಮೂದಾಗಿರಬೇಕು, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇರಬೇಕು. 2025ರ ಹಂಗಾಮಿನಿಂದ ‘ಕಪಾಸ್ ಕಿಸಾನ್’ ಎಂಬ ಮೊಬೈಲ್ ಆ್ಯಪ್ ಬಂತು. ಅದರಲ್ಲಿ ಹೆಸರು ನೋಂದಾಯಿಸಿ, ದಿನ ಗೊತ್ತುಮಾಡಿಕೊಂಡೇ ಮಾಲು ತರಬೇಕು.

ಈ ಕಟ್ಟುಪಾಡು ಸುಮ್ಮನೆ ಬಂದದ್ದಲ್ಲ. 2014-15ರ ಹಂಗಾಮಿನಲ್ಲಿ ಆಂಧ್ರದ ಖರೀದಿ ಕೇಂದ್ರಗಳಲ್ಲಿ ರೈತರ ಹೆಸರು ಹೇಳಿ ವರ್ತಕರ ಮಾಲು ತೂಗಿಸಿದ ಆರೋಪ ಎದ್ದು, ಸಿಬಿಐ ತನಿಖೆಯವರೆಗೂ ಹೋಯಿತು. ರೈತನಿಂದ ಅಗ್ಗಕ್ಕೆ ಕೊಂಡು ಸರ್ಕಾರಕ್ಕೆ ಬೆಂಬಲ ಬೆಲೆಗೆ ಮಾರುವ ದಾರಿ ಮುಚ್ಚಲು ದಾಖಲೆ ಬೇಕೇ ಬೇಕು. ಆದರೆ ದಾಖಲೆ ಎಂಬ ಜರಡಿ ಕಳ್ಳನನ್ನೂ ತಡೆಯುತ್ತದೆ, ಕೌಲುದಾರನನ್ನೂ ತಡೆಯುತ್ತದೆ. ಪಶ್ಚಿಮ ಕರ್ನೂಲಿನಲ್ಲಿ ಕೌಲಿಗೆ ಹೊಲ ಮಾಡುವವರು ಕಡಿಮೆಯೇನಲ್ಲ. 2019ರ ಆಂಧ್ರದ ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯ್ದೆಯಂತೆ ಅವರಿಗೆ ಕಾರ್ಡು ಸಿಗಬೇಕು. ಅದಕ್ಕೆ ಹೊಲದ ಯಜಮಾನ ಒಪ್ಪಬೇಕು. ‘ಕಾಗದ ಮಾಡಿಕೊಟ್ರ ನಾಳೆ ಹೊಲನೇ ನಂದು ಅಂತೀಯ’ ಎಂಬ ಅಂಜಿಕೆ ಯಜಮಾನನಿಗೆ. ಹಾಗಾಗಿ ಬೆವರು ಒಬ್ಬನದು, ಇ-ಕ್ರಾಪ್ ಇನ್ನೊಬ್ಬನದು ಎಂಬ ಸ್ಥಿತಿ ಬರುತ್ತದೆ.

ಗಡಿಯವರ ಪಾಡು ಬೇರೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹಂಚಿಹೋದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಗೆರೆ ಎಳೆದವರು ಹೊಲದ ಮಧ್ಯೆ ಎಳೆದರು, ಬೀಗತನದ ಮಧ್ಯೆ ಎಳೆದರು. ವ್ಯಾಪಾರ ಮಾತ್ರ ಗೆರೆ ನೋಡಲಿಲ್ಲ. ಯಾರ್ಡಿನ ಬಹಿರಂಗ ವ್ಯಾಪಾರದಲ್ಲಿ ಮಾಲು ಯಾವ ರಾಜ್ಯದ್ದೆಂದು ದಲಾಲಿ ಅಂಗಡಿಯವನು ಕೇಳುವುದಿಲ್ಲ. ಬೆಂಬಲ ಬೆಲೆಯ ಖರೀದಿ ಹಾಗಲ್ಲ. ಅದು ನಡೆಯುವುದೇ ದಾಖಲೆಯ ಮೇಲೆ. ಸಿರುಗುಪ್ಪದವನ ಪಹಣಿ, ಫ್ರೂಟ್ಸ್ ಸಂಖ್ಯೆ ಕರ್ನಾಟಕದ್ದು. ಹೊಳಗುಂದದವನ ಪಾಸ್‌ಬುಕ್ಕು, ಇ-ಕ್ರಾಪ್ ಆಂಧ್ರದ್ದು. ಎರಡೂ ಕಡೆ ಹೊಲ ಇದ್ದವನು ಎರಡೂ ಕಡೆಯ ಕಾಗದ ಬೇರೆ ಬೇರೆ ಇಟ್ಟುಕೊಂಡು, ಯಾವ ಹೊಲದ ಹತ್ತಿ ಯಾವ ಕೇಂದ್ರಕ್ಕೆ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಜಾಣತನ. ಗಾಡಿ ತುಂಬಿದ ಮೇಲೆ ಕೇಳಿದರೆ ಬಾಡಿಗೆ ದಂಡ.

ಮೂರನೆಯದು: ಮಿಲ್ಲಿನ ಟೆಂಡರು

ನಿಜವಾದ ಕೀಲಿ ಇರುವುದು ಇಲ್ಲಿ. ಸಿಸಿಐ ಕೊಳ್ಳುವುದು ಕಾಳು ಸಹಿತ ಹತ್ತಿ, ಮಾರುವುದು ಅರಳೆಯ ಬೇಲು. ನಡುವಿನ ಕೆಲಸ ಖಾಸಗಿ ಜಿನ್ನಿಂಗ್ ಮಿಲ್ಲುಗಳದ್ದು. ಅದಕ್ಕಾಗಿ ಪ್ರತಿ ಹಂಗಾಮಿಗೆ ಟೆಂಡರು ಕರೆಯುತ್ತಾರೆ. ಮೊದಲು ಮಿಲ್ಲಿನ ಯಂತ್ರ, ಅಂಗಳ, ಗೋದಾಮು, ಬೆಂಕಿ ರಕ್ಷಣೆ ಎಲ್ಲ ನೋಡುವ ತಾಂತ್ರಿಕ ಪರಿಶೀಲನೆ, ಆಮೇಲೆ ದರ. ಹತ್ತಿ ಬಿಡಿಸಿ ಬೇಲು ಕಟ್ಟಿಕೊಡಲು ಯಾರು ಎಷ್ಟು ಕೇಳಿದರು ಎಂಬುದರ ಮೇಲೆ ಎಲ್-1, ಎಲ್-2 ಎಂದು ಸಾಲು ಹಚ್ಚುತ್ತಾರೆ. ಎಲ್-1 ಎಂದರೆ ಎಲ್ಲರಿಗಿಂತ ಕಡಿಮೆ ದರ ಕೇಳಿದವನು.

ಮಿಲ್ಲಿನವನಿಗೂ ಷರತ್ತುಗಳಿವೆ. ಠೇವಣಿ ಇಡಬೇಕು. ಮುಖ್ಯವಾಗಿ, ಕೊಟ್ಟ ಹತ್ತಿಗೆ ಇಷ್ಟು ಪಾಲು ಅರಳೆ ಒಪ್ಪಿಸಬೇಕು. ಲೆಕ್ಕ ಸರಳ: ನೂರು ಕಿಲೋ ಹತ್ತಿಗೆ ಸುಮಾರು 33-34 ಕಿಲೋ ಅರಳೆ, ಉಳಿದದ್ದು ಕಾಳು, ಸ್ವಲ್ಪ ಕಸ-ನಷ್ಟ. ಒಂದು ಬೇಲು 170 ಕಿಲೋ. ಅಂದರೆ ಒಂದು ಬೇಲಿಗೆ ಐದು ಕ್ವಿಂಟಲ್ ಚಿಲ್ಲರೆ ಹತ್ತಿ. 2024-25ರಲ್ಲಿ ಮಾರ್ಚ್ ಕೊನೆಯ ಹೊತ್ತಿಗೆ ಸಿಸಿಐ ದೇಶದಲ್ಲಿ ಕೊಂಡ 525 ಲಕ್ಷ ಕ್ವಿಂಟಲ್ ಹತ್ತಿ 100 ಲಕ್ಷ ಬೇಲು ಎಂದು ಲೆಕ್ಕ ಕೊಟ್ಟದ್ದು ಇದೇ ಗಣಿತದ ಮೇಲೆ. ಅದರಲ್ಲಿ ತೆಲಂಗಾಣದ್ದೇ 40 ಲಕ್ಷ. ಕರ್ನಾಟಕದ್ದು 5 ಲಕ್ಷ, ಆಂಧ್ರದ್ದು 4 ಲಕ್ಷ ಬೇಲು.

ಹಸಿ ಹತ್ತಿ ಬಂದರೆ ಜಿನ್ನಿನಲ್ಲಿ ನೀರು ಆರಿಹೋಗಿ ತೂಕ ಕಡಿಮೆಯಾಗುತ್ತದೆ. ಅರಳೆ ಕಡಿಮೆ ಬಿದ್ದರೆ ಮಿಲ್ಲಿನವನು ಉತ್ತರ ಹೇಳಬೇಕು. ಆದ್ದರಿಂದ ಹಸಿ ಗಾಡಿ ಕಂಡರೆ ಅವನ ಮುಖ ಗಂಟಿಕ್ಕುವುದು ಸಹಜ. ಖರೀದಿದಾರ ಸಿಸಿಐಯೇ ಆದರೂ ಗೇಟು, ಕಾಟಾ, ಅಂಗಳ, ಹಮಾಲರು ಮಿಲ್ಲಿನವು. ಗೇಟಿನಲ್ಲಿ ಬರುವ ಮಾತು ಸರ್ಕಾರದ್ದೋ ಮಿಲ್ಲಿನದ್ದೋ ಎಂದು ರೈತನಿಗೆ ತಿಳಿಯುವುದಿಲ್ಲ.

ತೆಲಂಗಾಣದಲ್ಲಿ 2025ರ ನವೆಂಬರಿನಲ್ಲಿ ಈ ಟೆಂಡರಿನ ಬಿಸಿ ಬೀದಿಗೆ ಬಂತು. ಎಲ್-1 ಮಿಲ್ಲುಗಳಲ್ಲಿ ಮೊದಲು ಖರೀದಿ, ಅವು ತುಂಬಿದ ಮೇಲೆ ಎಲ್-2, ಹೀಗೆ ಒಂದೊಂದಾಗಿ ತೆರೆಯುವ ಪದ್ಧತಿಯನ್ನು ವಿರೋಧಿಸಿ ಮಿಲ್ಲಿನವರು ಮುಷ್ಕರ ಹೂಡಿದರು. ಅಲ್ಲೇ ಎಕರೆಗೆ 12 ಕ್ವಿಂಟಲ್ ಇದ್ದ ಮಿತಿಯನ್ನು 7ಕ್ಕೆ ಇಳಿಸಿದ್ದೂ ಜಗಳಕ್ಕೆ ಕಾರಣವಾಯಿತು. ಕಡಿಮೆ ದರದವನಿಗೆ ಕೆಲಸ ಕೊಡುವುದು ಸರ್ಕಾರದ ಹಣಕಾಸಿನ ದೃಷ್ಟಿಯಿಂದ ತಪ್ಪಲ್ಲ. ಆದರೆ ಪಕ್ಕದ ಊರಿನ ಮಿಲ್ಲು ಮುಚ್ಚಿದ್ದು, ದೂರದ ಮಿಲ್ಲು ತೆರೆದಿದ್ದರೆ ಉಳಿದ ಹಣ ಯಾರ ಜೇಬಿನಿಂದ ಬಂತು? ರೈತನ ಟ್ರ್ಯಾಕ್ಟರ್ ಬಾಡಿಗೆಯಿಂದ. ಟೆಂಡರಿನ ಲೆಕ್ಕದಲ್ಲಿ ಆ ಕಾಲಂ ಇಲ್ಲ.

ತೇವದ ಲೆಕ್ಕ ಮಾಡಿ ನೋಡಿ

ಎಲ್ಲರೂ ಬೈಯುವುದು ತೇವದ ಕಡಿತವನ್ನು. ಶೇ. 8 ತೇವಕ್ಕೆ ಪೂರ್ತಿ ಬೆಲೆ. ಆಮೇಲೆ ಒಂದೊಂದು ಅಂಶಕ್ಕೆ ಶೇ. 1ರಷ್ಟು ಕಡಿತ, ಶೇ. 12 ದಾಟಿದರೆ ಖರೀದಿಯೇ ಇಲ್ಲ. 8,110 ರೂಪಾಯಿಯ ಹತ್ತಿಗೆ ಶೇ. 10 ತೇವ ಇದ್ದರೆ 7,947.80, ಶೇ. 12 ಇದ್ದರೆ 7,785.60 ರೂಪಾಯಿ.

ಇಪ್ಪತ್ತು ಕ್ವಿಂಟಲ್ ತಂದವನಿಗೆ ಶೇ. 12ರಲ್ಲಿ 6,488 ರೂಪಾಯಿ ಹೋಯಿತು. ಮೇಲುನೋಟಕ್ಕೆ ಸುಲಿಗೆ. ಆದರೆ ಅದೇ ಹತ್ತಿಯನ್ನು ಶೇ. 8ಕ್ಕೆ ಬರುವಂತೆ ಒಣಗಿಸಿದರೆ ತೂಕ ಸುಮಾರು 19 ಕ್ವಿಂಟಲ್ 13 ಕಿಲೋಗೆ ಇಳಿಯುತ್ತದೆ. ಅದಕ್ಕೆ ಪೂರ್ತಿ ಬೆಲೆ ಹಾಕಿದರೆ 1,55,100 ರೂಪಾಯಿ ಚಿಲ್ಲರೆ. ಹಸಿಯಾಗಿಯೇ ಮಾರಿದ್ದರೆ 1,55,700 ಚಿಲ್ಲರೆ. ಹೆಚ್ಚೂಕಡಿಮೆ ಒಂದೇ! ಅಂದರೆ ಕಡಿತದಲ್ಲಿ ಹೋದದ್ದು ನೀರಿನ ತೂಕ, ಹತ್ತಿಯ ಬೆಲೆಯಲ್ಲ.

ಹಾಗಾದರೆ ಪೆಟ್ಟು ಬೀಳುವುದೆಲ್ಲಿ? ಹನ್ನೆರಡರ ಗೆರೆಯಲ್ಲಿ. ಮೀಟರು ಹನ್ನೆರಡು ತೋರಿಸಿದರೆ 7,785. ಹದಿಮೂರು ತೋರಿಸಿದರೆ ‘ವಾಪಸ್ ಒಯ್ರಿ’. ವಾಪಸ್ ಒಯ್ಯಲು ಬಾಡಿಗೆ, ಒಣಗಿಸಲು ಜಾಗ, ಮತ್ತೆ ಹೊಸ ದಿನ ಗೊತ್ತುಮಾಡುವ ಕಾಯುವಿಕೆ. ಸಾಲಗಾರ ಮನೆ ಬಾಗಿಲಲ್ಲಿ ಕೂತಿರುವಾಗ ಇಷ್ಟೆಲ್ಲ ಯಾರು ಕಾಯುತ್ತಾರೆ? ಗೇಟಿನ ಹೊರಗೇ ಯಾರೋ ಒಬ್ಬ ಬಂದು ‘ನಾನು ತಗೋತೀನಿ, ರೊಕ್ಕ ಈಗಲೇ’ ಎಂದರೆ ಕೊಟ್ಟು ಹೋಗುತ್ತಾರೆ. ರೈತ ಕಳೆದುಕೊಳ್ಳುವುದು ಆ ಹೊತ್ತಿನಲ್ಲಿ. ಕರಾರಿನಲ್ಲಿ ಬರೆದ ಕಡಿತಕ್ಕಿಂತ, ಎಲ್ಲೂ ಬರೆಯದ ನಿರಾಕರಣೆ ದುಬಾರಿ.

ಏನು ಆಗಬೇಕು

ಹೊಸ ಯೋಜನೆ ಬೇಡ. ಮೂರು ನಾಲ್ಕು ಸಣ್ಣ ಕೆಲಸ ಸಾಕು. ಟೆಂಡರಿನಲ್ಲಿ ಯಾವ ಮಿಲ್ಲು ಗೊತ್ತಾಗಿದೆ, ದಿನಕ್ಕೆ ಎಷ್ಟು ಕ್ವಿಂಟಲ್ ತೆಗೆದುಕೊಳ್ಳಬಲ್ಲದು ಎಂಬ ಪಟ್ಟಿಯನ್ನು ಯಾರ್ಡಿನಲ್ಲಿ ತೆಲುಗು, ಕನ್ನಡ ಎರಡರಲ್ಲೂ ತೂಗುಹಾಕಬೇಕು. ತೇವವನ್ನು ರೈತನ ಎದುರೇ ಅಳೆಯಬೇಕು, ಗಾಡಿಯ ಒಂದು ಮೂಲೆಯಲ್ಲಲ್ಲ, ನಾಲ್ಕೈದು ಕಡೆ. ಮಾಲು ಬೇಡವೆಂದರೆ ತೇವ ಇಷ್ಟಿತ್ತು, ಕಸ ಇಷ್ಟಿತ್ತು ಎಂದು ಸಹಿ ಹಾಕಿದ ಚೀಟಿ ಕೊಡಬೇಕು. ಚೀಟಿ ಕೊಡಬೇಕಾದರೆ ‘ಬೇಡ’ ಎನ್ನುವ ಬಾಯಿ ಎರಡು ಸಲ ಯೋಚಿಸುತ್ತದೆ. ಒಣಗಿಸಲು ಯಾರ್ಡಿನಲ್ಲೇ ಒಂದು ಕಟ್ಟೆ ಬಿಟ್ಟುಕೊಟ್ಟರೆ ಎಷ್ಟೋ ಗಾಡಿ ಗೇಟಿನ ಹೊರಗೆ ಮಾರಾಟವಾಗುವುದು ತಪ್ಪೀತು. ಮಾರುಕಟ್ಟೆ ಶುಲ್ಕ ಬರುತ್ತಿರುವುದು ಇಂಥದಕ್ಕೇ ಅಲ್ಲವೇ?

ರೈತರೂ ಮಾಡಬೇಕಾದದ್ದಿದೆ. ಬಿತ್ತಿದ ಕೂಡಲೇ ಇ-ಕ್ರಾಪ್ ನಮೂದು ಸರಿಯಾಗಿದೆಯೇ ನೋಡಿಕೊಳ್ಳುವುದು, ಮೊದಲ ಬಿಡಿಯ ಹಸಿ ಹತ್ತಿಯನ್ನೂ ನಂತರದ ಒಣ ಹತ್ತಿಯನ್ನೂ ಬೆರೆಸದಿರುವುದು, ತೂಕದ ಚೀಟಿ ಕೇಳಿ ಪಡೆದು ಎತ್ತಿಡುವುದು.

ಆದೋನಿಯಲ್ಲಿ ತಕ್ಕಡಿ ಹಿಡಿದವರಿಗೆ ಕನ್ನಡ, ತೆಲುಗು ಎರಡೂ ಬರುತ್ತವೆ. ಹತ್ತಿ ತಂದವರಿಗೂ ಬರುತ್ತವೆ. ಕರಾರು ಮಾತ್ರ ಇಬ್ಬರಿಗೂ ಓದಲು ಬಾರದ ಭಾಷೆಯಲ್ಲಿ, ಕೈಗೆ ಸಿಗದ ಕಡತದಲ್ಲಿ ಉಳಿದಿದೆ. ಅದನ್ನು ಯಾರ್ಡಿನ ಗೋಡೆಗೆ ತಂದು ಅಂಟಿಸಿ ಎಂದು ಕೇಳಲು ಮುಂದಿನ ಹಂಗಾಮು ಬರುವವರೆಗೆ ಕಾಯಬೇಕಾಗಿಲ್ಲ.