ನಟಿಯೂ ಮನೆಯ ಮಗಳೇ

ನಟನಾವೃತ್ತಿಯ ವಿಷಯದಲ್ಲಿ ನಮ್ಮ ಜನರ ಮನಸ್ಸು ಬಹುಕಾಲದಿಂದಲೂ ಇಬ್ಬಗೆಯಾದುದು. ಭರತಮುನಿಯ ನಾಟ್ಯಶಾಸ್ತ್ರವು ಆದಿಯಲ್ಲಿ ನಾಟ್ಯವನ್ನು ಪಂಚಮವೇದವೆಂದು ಕೊಂಡಾಡುತ್ತದೆ. ಅದೇ ಗ್ರಂಥವು ಅಂತ್ಯದಲ್ಲಿ, ಋಷಿಗಳನ್ನು ಅಣಕಿಸಿದ ನಟರು ಶಾಪಗ್ರಸ್ತರಾದ ಕಥೆಯನ್ನು ಹೇಳುತ್ತದೆ. ಇಂದಿಗೂ ನಾವು ಸಂಜೆಯ ವೇಳೆ ದೂರದರ್ಶನದ ಮುಂದೆ ಕುಳಿತು ಧಾರಾವಾಹಿಯ ನಾಯಿಕೆಗಾಗಿ ಕಣ್ಣೀರಿಡುತ್ತೇವೆ. ನಮ್ಮ ಮಗಳೇ ತಾನೂ ನಟಿಯಾಗುವೆನೆಂದರೆ ಬೆಚ್ಚಿಬೀಳುತ್ತೇವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಗೆ ಬೆಂಗಳೂರು ದೂರವಲ್ಲ. ಆದಕಾರಣ ಈ ಸೀಮೆಯ ಮನೆಗಳಿಗೆ ಈ ಪ್ರಶ್ನೆಯು ಬಾರದೆ ಇರದು.

ಉತ್ತರವನ್ನು ಅರಸುವವರು ಇದೇ ಸೀಮೆಯ ಬಿ. ಸರೋಜಾದೇವಿಯವರ ಬಾಳನ್ನು ಪರಿಶೀಲಿಸಬಹುದು. ಅವರ ಮನೆತನವು ಚನ್ನಪಟ್ಟಣ ತಾಲ್ಲೂಕಿನ ದಶವಾರ ಗ್ರಾಮದ್ದು. ಅವರು ಜನಿಸಿದ್ದು 1938ನೆಯ ಇಸವಿ ಜನವರಿ 7ರಂದು, ಬೆಂಗಳೂರಿನಲ್ಲಿ. ಪೊಲೀಸು ಇಲಾಖೆಯಲ್ಲಿದ್ದ ತಂದೆ ಭೈರಪ್ಪನವರು ಮಗಳಿಗೆ ನೃತ್ಯಾಭ್ಯಾಸವನ್ನು ಮಾಡಿಸಿ ಪ್ರೋತ್ಸಾಹವಿತ್ತರು. 1955ರಲ್ಲಿ, ಹದಿನೇಳರ ಪ್ರಾಯದಲ್ಲಿ, ಹೊನ್ನಪ್ಪ ಭಾಗವತರ ‘ಮಹಾಕವಿ ಕಾಳಿದಾಸ’ದಲ್ಲಿ ಆಕೆ ಅಭಿನಯಿಸಿದರು. 1958ರ ‘ನಾಡೋಡಿ ಮನ್ನನ್’ ತಮಿಳಿನಲ್ಲಿಯೂ, 1959ರ ‘ಪೈಗಾಮ್’ ಹಿಂದಿಯಲ್ಲಿಯೂ ಅವರಿಗೆ ಹೆಸರನ್ನು ತಂದವು. 1961ರಲ್ಲಿ ‘ಕಿತ್ತೂರು ಚೆನ್ನಮ್ಮ’ನಾಗಿ ಅವರು ಕನ್ನಡಿಗರ ಹೃದಯದಲ್ಲಿ ನೆಲೆಸಿದರು.

ಈಜುಡುಗೆಯನ್ನಾಗಲಿ ತೋಳಿಲ್ಲದ ಕುಪ್ಪಸವನ್ನಾಗಲಿ ತೊಡಕೂಡದೆಂದು ತಾಯಿ ರುದ್ರಮ್ಮನವರು ವಿಧಿಸಿದ್ದರು. ಮಗಳು ಅದನ್ನು ಪಾಲಿಸಿದರು. ಇಂದಿನ ತರುಣಿಯರಿಗೆ ಈ ಕಟ್ಟಳೆ ಒಪ್ಪಿಗೆಯಾಗದಿರಬಹುದು. ಆದರೆ ಇಲ್ಲಿ ಗಮನಿಸತಕ್ಕದ್ದು ವಸ್ತ್ರದ ಅಳತೆಯನ್ನಲ್ಲ. ಬೇಡವೆಂಬ ಮಾತನ್ನು ಆ ಹುಡುಗಿಯು ನಿರ್ಮಾಪಕರೆದುರಿಗೆ ಆಡಬಲ್ಲವಳಾಗಿದ್ದಳು. ಏಕೆಂದರೆ ಅವಳ ಬೆನ್ನಿಗೆ ಒಂದು ಮನೆಯಿತ್ತು. ತಂದೆತಾಯಿಗಳು ಮುನಿದು ಬಾಗಿಲು ಮುಚ್ಚಿದರೆ, ಮಗಳು ಅನ್ನಕ್ಕಾಗಿ ಯಾರ ಮಾತಿಗಾದರೂ ತಲೆಬಾಗಬೇಕಾದೀತು. ಮನೆಯ ಕೋಪದಿಂದ ಶೀಲರಕ್ಷಣೆಯಾಗುವುದೆಂಬುದು ಭ್ರಾಂತಿ.

1967ರಲ್ಲಿ ಅವರು ಎಂಜಿನಿಯರಾಗಿದ್ದ ಶ್ರೀಹರ್ಷರ ಕೈಹಿಡಿದರು. ವಿವಾಹವಾದೊಡನೆ ನಟಿಯ ವೃತ್ತಿಯು ಮುಗಿಯಿತೆಂದು ಲೋಕವು ಭಾವಿಸುತ್ತಿದ್ದ ಕಾಲವದು. ಪತಿಯ ಸಮ್ಮತಿಯಿಂದ ಅವರು ಅಭಿನಯವನ್ನು ಮುಂದುವರಿಸಿದರು. 1986ರಲ್ಲಿ ಪತಿವಿಯೋಗವಾಯಿತು. ಆ ದುಃಖವನ್ನು ನುಂಗಿ ಮತ್ತೆ ಕೆಲಸಕ್ಕೆ ಮರಳಿದರು. 1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಸಂದವು.

ಈಗಿನ ಧಾರಾವಾಹಿಯ ನಟಿಯ ಕಷ್ಟವು ಬೇರೊಂದು ಬಗೆಯದು. ಕಥೆಯು ದಿನದಿನವೂ ಪ್ರಸಾರವಾಗಬೇಕಾದುದರಿಂದ ಚಿತ್ರೀಕರಣಕ್ಕೆ ಬಿಡುವು ವಿರಳ. ನೋಡುವವರ ಸಂಖ್ಯೆಯು ಇಳಿದರೆ ಪಾತ್ರವು ಹಠಾತ್ತಾಗಿ ಮುಗಿಯುವುದೂ ಉಂಟು. ಅವಳ ವಿವಾಹ, ವಿಚ್ಛೇದಗಳನ್ನು ಕುರಿತು ಕಂಡಕಂಡವರೆಲ್ಲ ತೀರ್ಪು ಕೊಡುತ್ತಾರೆ. ಆದುದರಿಂದ ತಂದೆತಾಯಿಗಳು ಮಗಳ ವಿದ್ಯಾಭ್ಯಾಸವನ್ನು ನಡುವೆ ನಿಲ್ಲಿಸಬಾರದು. ಕರಾರುಪತ್ರವನ್ನು ತಿಳಿದವರಿಂದ ಓದಿಸದೆ ಸಹಿ ಮಾಡಿಸಬಾರದು. ಅವಳ ಸಂಪಾದನೆಯನ್ನು ಅವಳ ಹೆಸರಿನಲ್ಲಿಯೇ ಇಡಬೇಕು. ಉಳಿದ ನಾವು ನಾಲಗೆಯನ್ನು ಬಿಗಿಹಿಡಿದರೆ ಅದೇ ದೊಡ್ಡ ಉಪಕಾರ.

2025ನೆಯ ಜುಲೈ 14ರಂದು, 87ನೆಯ ವಯಸ್ಸಿನಲ್ಲಿ, ಸರೋಜಾದೇವಿಯವರು ಬೆಂಗಳೂರಿನಲ್ಲಿ ನಿಧನರಾದರು. ಮರುದಿನ ಸರ್ಕಾರಿ ಗೌರವದೊಡನೆ ದಶವಾರದಲ್ಲಿ, ತಾಯಿಯ ಸಮಾಧಿಯ ಪಕ್ಕದಲ್ಲಿ, ಅವರನ್ನು ಮಣ್ಣುಮಾಡಲಾಯಿತು. ಹೊರಟ ಮಗಳಿಗೆ ಹಿಂದಿರುಗಲು ಮನೆಯೊಂದು ಇರುವಂತೆ ನೋಡಿಕೊಳ್ಳುವುದು ಹೆತ್ತವರ ಧರ್ಮ.